ಅಪ್ಪನ ದೋಣಿಯ ಬಿರಡೆ

ನಮ್ಮೂರಲ್ಲಿ ಕಪಿಲೆ ದಾಟಲು ಹರಿಗೋಲೊಂದೇ ಗತಿಯಾಗಿದ್ದ ದಿನಗಳಲ್ಲಿ ಅಪ್ಪ ಫೈಬರ್ ದೋಣಿ ತಂದ. ಹೊಳೆಯಾಚೆ ನಮ್ಮ ಎರಡು ಎಕರೆ ಜಮೀನು, ದನದ ಕೊಟ್ಟಿಗೆ. ನಂಜನಗೂಡಿನ ಸೇತುವೆ ಸುತ್ತಿ ಹಾಲು ತರುವಷ್ಟರಲ್ಲಿ ಡೇರಿ ಬಾಗಿಲು ಹಾಕಿರುತ್ತಿತ್ತು. ತಿ. ನರಸೀಪುರದ ಮೀನುಗಾರರೊಬ್ಬರು ಮಾರಿದ ಹಳೇ ದೋಣಿ ಅದು. ಟೆಂಪೋದಿಂದ ಇಳಿಸಿದ ದಿನ ಬೀದಿಯೆಲ್ಲ ಮೀನಿನ ವಾಸನೆ. ಐದನೇ ಕ್ಲಾಸಿನ ನನಗೋ, ಊರಿಗೆಲ್ಲ ನಾವೇ ಸಾಹುಕಾರರು ಎಂಬ ಜಂಬ.

ಮಾರಿದವರು ದೋಣಿಯ ಹಿಂಬದಿಯ ತಳದಲ್ಲಿ ಹೆಬ್ಬೆರಳು ಗಾತ್ರದ ತೂತು ತೋರಿಸಿ, ತಿರುಪಿನ ಹಿತ್ತಾಳೆ ಬಿರಡೆಯೊಂದನ್ನು ಅಪ್ಪನ ಕೈಗಿಟ್ಟಿದ್ದರು.

"ದಡದಲ್ಲಿದ್ದಾಗ ಬಿಚ್ಚಿಡಿ ಅಣ್ಣ, ಮಳೆನೀರು ಅರ್ದೋಯ್ತದೆ. ನೀರಿಗಿಳ್ಸೋಕ್ ಮುಂಚೆ ಬಿಗಿಯಾಗಿ ತಿರುವಿ, ಕೈಲಿ ಮುಟ್ ನೋಡಿ. ಕಣ್ಣಲ್ ನೋಡುದ್ರೆ ಸಾಲ್ದು."

ಅಪ್ಪ ತಲೆಯಾಡಿಸಿದ. ಬೇಕಂತಲೇ ತೂತಿಟ್ಟ ದೋಣಿಯನ್ನು ಹರಿಗೋಲಿನವರಾದ ನಾವು ಕಂಡಿರಲಿಲ್ಲ.

ತಿಂಗಳೊಳಗೆ ಆಯುಧಪೂಜೆ ಬಂತು. ದೋಣಿ ತೊಳೆಯುವ ಕೆಲಸ ನನ್ನದು. ಬಿರಡೆ ಬಿಚ್ಚಿ ಕೊಳೆನೀರು ಹೊರಗೆ ಬಿಟ್ಟೆ. "ದುಡಿಯೋ ಸಾಮಾನ್ನೆಲ್ಲ ತಂದಿಡು ಮಗಾ" ಎಂದು ಅಜ್ಜಿ ಕೂಗಿದಳು. ಬಿರಡೆಯೂ ದುಡಿಯುತ್ತದಲ್ಲ! ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿ, ಕುಡುಗೋಲು ಮಚ್ಚುಗಳ ಪಕ್ಕ ದೇವರ ಮುಂದೆ ಇಟ್ಟೆ. ಅಜ್ಜಿ ಅದಕ್ಕೂ ಕುಂಕುಮವಿಟ್ಟು ಚೆಂಡುಹೂ ಏರಿಸಿದಳು. ಹುಟ್ಟು ಮಾತ್ರ ಉದ್ದವಾಗಿ ಒಳಗೆ ಹಿಡಿಸದೆ ದೋಣಿಯಲ್ಲೇ ಉಳಿಯಿತು.

"ನಾಳೆ ದೇವ್ರು ಕದಲ್ಸೋಗಂಟ ಒಂದ್ನೂ ಮುಟ್ಕೂಡ್ದು" ಎಂದಳು ಅಜ್ಜಿ.

ಒಬ್ಬಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ ಆಚೆ ದಡದ ಪಕ್ಕದ ಜಮೀನಿನವರಿಂದ ಫೋನು. ನಮ್ಮ ಕರಿ ಹಸು ಕರು ಹಾಕಲಾಗದೆ ಒದ್ದಾಡುತ್ತಿದೆಯಂತೆ. ಅಜ್ಜಿ ಅಡ್ಡ ಬಂದಳು.

"ದೋಣಿನೇನ್ ದೇವ್ರ್ ಮುಂದ ಇಟ್ಟಿಲ್ವಲ್ಲವ್ವ" ಎನ್ನುತ್ತ ಅಪ್ಪ ಒಂದು ಹೊರೆ ಹುಲ್ಲು ತಂದು ದೋಣಿಯ ಹಿಂಬದಿಗೆ ಎಸೆದ. ತೂತು ಅದರಡಿ ಮುಚ್ಚಿಹೋಯಿತು. ನಾನೂ ಆರು ವರ್ಷದ ತಮ್ಮ ಮಧುವೂ ಹತ್ತಿ ಕೂತೆವು. ಅವನಿಗೆ ಈಜು ಬಾರದು.

ಹೊಳೆ ತುಂಬಿ ಹರಿಯುತ್ತಿತ್ತು. ನಡುಮಧ್ಯೆ ಬಂದಾಗ ಮಧು, "ಅಪ್ಪ, ಉಲ್ಲು ನೆಂದೋಗದೆ" ಎಂದ.

"ಉಟ್ಟಿಂದ ಎರಚಿರ್ತದೆ, ಸುಮ್ಕಿರ್ಲಾ."

ನೀರು ನನ್ನ ಕಾಲ್ಬೆರಳಿಗೆ ಮುಟ್ಟಿತು. ಬಿರಡೆ ಎಲ್ಲಿದೆಯೆಂದು ದೋಣಿಯಲ್ಲಿದ್ದವರಲ್ಲಿ ನನಗೊಬ್ಬಳಿಗೇ ಚೆನ್ನಾಗಿ ಗೊತ್ತಿತ್ತು. ಆದರೂ ಅಪ್ಪ ನಾಲ್ಕು ಸಲ ಹುಟ್ಟು ಹಾಕುವವರೆಗೆ ಬಾಯಿ ಬಿಡಲಿಲ್ಲ, ಏಟು ಬೀಳುತ್ತದೆಂಬ ಹೆದರಿಕೆಗೆ. ತಮ್ಮನ ಜೀವಕ್ಕಿಂತ ನನಗೆ ನನ್ನ ಬೆನ್ನೇ ಹೆಚ್ಚಾಗಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ದೋಣಿಯ ಹಿಂಬದಿ ಕುಸಿಯತೊಡಗಿತು.

"ಅಪ್ಪ, ಬಿರಡೆ ದೇವ್ರ ಮುಂದ ಅದೆ. ನಾನೇ ಇಟ್ಬುಟ್ಟೆ."

ಅಪ್ಪ ಹಿಂಬದಿಯತ್ತ ಒಮ್ಮೆ ನೋಡಿದ. ಹುಟ್ಟು ಬಿಟ್ಟರೆ ಸೆಳವು ಸುಳಿಯತ್ತ ಒಯ್ಯುತ್ತಿತ್ತು. "ಉಲ್ ಕಿತ್ತೆಸಿ. ತೂತ್ಗೆ ಬೆಳ್ಳಾಕು. ನಾ ಏಳೋಗಂಟ ತೆಗೀಬ್ಯಾಡ" ಎಂದ. ದನಿ ಏರಲಿಲ್ಲ, ಅದರಿಂದಲೇ ನನಗೆ ಇನ್ನೂ ಭಯವಾಯಿತು.

ಹುಲ್ಲು ಹೊಳೆಗೆ ತಳ್ಳಿ, ನೀರಲ್ಲಿ ಕುಕ್ಕರಿಸಿ ತಡಕಿದೆ. ಲಂಗದ ಅಂಚು ಹೆಬ್ಬೆರಳಿಗೆ ಸುತ್ತಿ ತೂತಿಗೆ ತುರುಕಿದೆ. ತಿರುಪಿನ ಅಂಚು ಚರ್ಮ ಕೊಯ್ಯಿತು. ಮಧು ಅಳುತ್ತಲೇ ದೋಣಿಯಲ್ಲಿದ್ದ ಹಾಲಿನ ಕ್ಯಾನಿನ ಮುಚ್ಚಳದಲ್ಲಿ ನೀರು ಮೊಗೆದು ಚೆಲ್ಲಿದ. ನೀರು ನನ್ನ ಸೊಂಟಕ್ಕೆ ಬಂದು ಅಲ್ಲೇ ನಿಂತಿತು. ದಡ ಹತ್ತಿರ ಬರುತ್ತಿದೆಯೋ ಇಲ್ಲವೋ ತಿರುಗಿ ನೋಡಲು ಧೈರ್ಯವಿಲ್ಲದೆ ಅಪ್ಪನ ಕಾಲನ್ನೇ ನೋಡುತ್ತಿದ್ದೆ.

ತಳ ಮರಳಿಗೆ ಉಜ್ಜಿತು. ಅಪ್ಪ ಮಧುವನ್ನು ಎತ್ತಿ ದಡಕ್ಕೆ ಹಾಕಿ, ಬಂದು ನನ್ನ ಬೆರಳನ್ನು ತಾನೇ ಮೆಲ್ಲಗೆ ಬಿಡಿಸಿದ. ಬೈಯಲಿಲ್ಲ. ಹಸು ಅಷ್ಟರಲ್ಲಿ ತಾನಾಗಿಯೇ ಕರು ಹಾಕಿ ನೆಕ್ಕುತ್ತಿತ್ತು. ಅಪ್ಪ ಬೇವಿನ ಕೊಂಬೆ ಕೆತ್ತಿ, ಬಟ್ಟೆ ಸುತ್ತಿ ತೂತಿಗೆ ಜಡಿದು, ಮೂರು ಸಲ ಮುಟ್ಟಿ ನೋಡಿ ನಮ್ಮನ್ನು ವಾಪಸ್ ಕರೆತಂದ.

ಮನೆಯಲ್ಲಿ ಅಜ್ಜಿಗೆ, "ಮಗೀದೇನಿಲ್ಲ ಕಣವ್ವ, ಮುಟ್ ನೋಡ್ದೆ ಒಂಟವ್ನು ನಾನು" ಎಂದ. ಮಾರನೇ ದಿನ ದೇವರು ಕದಲಿಸಿದ ಮೇಲೆ ಬಿರಡೆಯನ್ನು ನನ್ನ ಕೈಗಿಟ್ಟ.

"ಇನ್ಮ್ಯಾಕೆ ಇದು ನಿಂದು. ನೀ ಆಕಿವ್ನಿ ಅನ್ನೋಗಂಟ ನಾ ದೋಣಿ ತಳ್ಳಾಕಿಲ್ಲ."

ಹೈಸ್ಕೂಲು ಮುಗಿಯುವವರೆಗೆ ಹಾಗೇ ನಡೆಯಿತು. ಒಂದು ವರ್ಷ ನೆರೆಯಲ್ಲಿ ದೋಣಿ ಹೋಯಿತು, ಅಪ್ಪ ಹೋಗಿ ಮೂರು ವರ್ಷವಾಯಿತು. ನಾನೀಗ ಮೈಸೂರಿನ ಆಫೀಸೊಂದರಲ್ಲಿದ್ದೇನೆ. ಇಲ್ಲಿ ನಾನು ಒಂದು ಕಾಗದದಲ್ಲಿ ತಪ್ಪಿದರೆ ಆಮೇಲಿನ ಹತ್ತನ್ನೂ ಬೇರೆಯವರು ಮತ್ತೆ ಪರೀಕ್ಷಿಸುತ್ತಾರೆ. ಅಪ್ಪನೋ, ಡೇರಿಯ ಹೊತ್ತು ಮೀರುತ್ತಿದ್ದರೂ ಹುಟ್ಟು ಹಿಡಿದು ನಿಂತು, ತನ್ನ ಮಕ್ಕಳನ್ನು ಮುಳುಗಿಸಲು ಹೋಗಿದ್ದ ಹುಡುಗಿಯ ಬಾಯಿಂದ "ಹಾಕಿದೀನಿ" ಎಂಬ ಮಾತು ಬರುವುದನ್ನೇ ಕಾಯುತ್ತಿದ್ದ. ಬಂದ ಮೇಲೆ, ಒಂದು ದಿನವೂ ಬಗ್ಗಿ ಮುಟ್ಟಿ ನೋಡಲಿಲ್ಲ.