ವೈರುಗಳಿಗೆ ಹೆಣೆದ ಜಡೆ

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಘಾಟಬೋರಾಳದಿಂದ ಹುಮನಾಬಾದಿನ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡು ಹೋಗಿ ಭೌತಶಾಸ್ತ್ರ ಓದಿದವನು ನಾನು. ಆ ಓದಿನ ಮರ್ಯಾದೆ ತೆಗೆದದ್ದು ಒಂದು ಆಂಪ್ಲಿಫೈಯರ್.

ಈಗ ನಾವಿರುವ ಬಸವಕಲ್ಯಾಣದ ಓಣಿಯಲ್ಲಿ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಾಡುವ ಪದ್ಧತಿ. ನಮ್ಮ ಸರದಿ ಬಂದಾಗ, ಜೀವಮಾನವೆಲ್ಲ ಕುರಿಗಳೆದುರು ಹಾಡಿದ ಅವ್ವ ಮೊದಲ ಸಲ ಮೈಕ್ ಹಿಡಿದಳು. ಅವಳಿಗಿಂತ ಮೊದಲೇ ನಾನು ಜೋಡಿಸಿದ ಸ್ಪೀಕರ್ 'ಗುಂಯ್' ಎಂದು ಶುರುವಿಟ್ಟುಕೊಂಡಿತು.

"ಏನ್ರಿ ಸಾಹೇಬ್ರ, ಡಿಗ್ರಿ ಮಾಡಿ ಜೇನಹುಳ ಸಾಕಾಕತ್ತೀರೇನು?" ಎಂದರು ಬಟ್ಟೆ ಅಂಗಡಿಯ ಕಾಕಾ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ.

"ನನ್ನ ದನೀನ ಹಂಗದ. ಕುರಿಗೆ ಸಾಕು, ಮಂದಿಗೆ ಬ್ಯಾಡ" ಎಂದು ಮೈಕ್ ಕೆಳಗಿಟ್ಟು ಅಡುಗೆಮನೆ ಸೇರಿದಳು.

ದೋಷ ವೈರಿನದು ಎಂದರೆ ನಂಬಲಿಲ್ಲ. ಮಗ ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡಳು. ಮುಂದಿನ ತಿಂಗಳ ಸರದಿಯನ್ನೂ ನಾನೇ ಕೇಳಿ ಪಡೆದೆ.

ಆಂಪ್ಲಿಫೈಯರಿನ ಹಿಂದೆ ಇಣುಕಿದೆ. ಕರೆಂಟಿನ ವೈರು, ಮೈಕಿನ ವೈರು, ಫೋನಿನ ಚಾರ್ಜರು, ಎಲ್ಲವನ್ನೂ ಸೇರಿಸಿ ಜಡೆ ಹೆಣೆದು, ಹಳೆ ಸೀರೆಯ ಅಂಚಿನಿಂದ ಬಿಗಿದು, ಮಿಕ್ಕ ಉದ್ದವನ್ನು ಸಿಂಬಿ ಸುತ್ತಿಡಲಾಗಿತ್ತು. ಕುರಿ ಕಾಯುವವರ ಮನೆಯಲ್ಲಿ ಹಗ್ಗ ಸಡಿಲ ಬಿದ್ದಿದ್ದರೆ ಅದು ಸೋಮಾರಿತನದ ಜಾಹೀರಾತು. ಅವ್ವನ ಅಚ್ಚುಕಟ್ಟಿಗೆ ಎರಡು ಮಾತಿಲ್ಲ. ಕರೆಂಟಿನ ಮಗ್ಗುಲಲ್ಲಿ ಮಲಗಿದ ಮೈಕಿನ ವೈರು ಅದರ ಗೊರಕೆಯನ್ನೆಲ್ಲ ಹೊತ್ತು ತರುತ್ತಿತ್ತು, ಅಷ್ಟೇ.

ಹುಮನಾಬಾದಿಗೆ ಹೋಗಿ ಮೈಕಿಗೆ ಗಿಡ್ಡ ವೈರು ಕೇಳಿದೆ. ಅಂಗಡಿಯವನು ಚಿನ್ನದ ಲೇಪದ್ದನ್ನು ತೋರಿಸಿ, ಅದನ್ನು ಕಂಡರೆ ಸಾಕು, ಗುಂಯ್‌ಗುಡುವಿಕೆ ಊರು ಬಿಡುತ್ತದೆ ಎಂಬಂತೆ ಮಾತಾಡಿದ. ಸಾದಾದೇ ಸಾಕೆಂದಾಗ ನನ್ನ ವಿದ್ಯೆಯ ಬಗ್ಗೆ ಅವನಿಗೆ ಕನಿಕರ ಹುಟ್ಟಿತು.

ನಮ್ಮ ಸರದಿಯ ದಿನ ಜಡೆ ಬಿಚ್ಚಿದೆ. ಕರೆಂಟಿನದು ಒಂದು ಗೋಡೆಗೆ, ಮೈಕಿನದು ಎದುರು ಗೋಡೆಗೆ. ಎರಡೂ ಸಂಧಿಸಲೇಬೇಕಾದ ಕಡೆ ಜೊತೆಗೆ ಓಡಲು ಬಿಡದೆ ಅಡ್ಡಡ್ಡ ದಾಟಿಸಿದೆ.

ಅವ್ವ ಸೀರೆಯ ಅಂಚು ಹಿಡಿದು ಬಂದಳು. "ಇದೇನೋ ಅವತಾರ? ಮಂದಿ ಬರಾಕತ್ತಾರ, ತಡಿ, ಕಟ್ಟತೀನಿ."

"ಅವ್ವಾ, ಎರಡು ಟಗರು ಒಂದ ಗೂಟಕ್ಕ ಕಟ್ಟತೀಯೇನು?"

"ಹುಚ್ಚನಾಂಗ ಮಾತಾಡಬ್ಯಾಡ. ಹಾಯ್ದಾಡಿ ಸಾಯ್ತಾವ."

"ಇವೂ ಅದನ್ನ ಮಾಡಾಕತ್ತಿದ್ವು. ಗುಂಯ್ ಅಂದಿದ್ದು ಇವು, ನೀ ಅಲ್ಲ."

ಇಡೀ ಭೌತಶಾಸ್ತ್ರ ಮಾಡಲಾಗದ ಕೆಲಸವನ್ನು ಟಗರು ಮಾಡಿತು. ನಾನು ಸ್ವಿಚ್ ಹಾಕಿದೆ; ಅವಳು ಸ್ಪೀಕರಿಗೆ ಕಿವಿಯಿಟ್ಟಳು. "ಸತ್ತದೇನೋ ಇದು?"

"ಕರದು ನೋಡು."

ಅವ್ವ ಮೈಕಿನಲ್ಲಿ ಕುರಿ ಕರೆಯುವ ಕೂಗು ಹಾಕಿದಳು. ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಅವಳು ತನ್ನ ಗಂಟಲು ಮುಟ್ಟಿ ನೋಡಿಕೊಂಡಳು.

ಸಂಜೆ ಅವ್ವನ ಮೊದಲ ಪದ ಮುಗಿದಾಗ, ಮುಂದಿನ ಹಾಡು ತಮ್ಮದೆಂದು ಕಾಕಾ ಮೈಕಿಗೆ ಕೈಚಾಚಿದರು. ಅವ್ವ ಮೈಕನ್ನು ಆಚೆ ಕೈಗೆ ಬದಲಿಸಿ, ಕಣ್ಣುಮುಚ್ಚಿ, ಎರಡನೆಯ ಪದ ಎತ್ತಿಕೊಂಡಳು.