ಕಸ್ತೂರಿಯ ಉತ್ತರ

ಬೆಸುಗೆ ಹಾಕುವಾಗ ರಾಳ ಸುಟ್ಟು ಒಂದು ವಾಸನೆ ಏಳುತ್ತದೆ. ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಂತು ಕಾದಿದ್ದರೆ ನಿಮಗೂ ಅದರ ಪರಿಚಯವಿರುತ್ತದೆ. ಮೂಗಿಗೆ ತುಸು ಸಿಹಿಯಾಗಿ ತಾಗಿ ಗಂಟಲಿಗಿಳಿದ ಮೇಲೆ ಕಹಿಯಾಗುವ ವಾಸನೆ. ಹೋದ ವಾರ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಹೊಸ ಬ್ಯಾಚಿನವರು ಅದನ್ನೆಬ್ಬಿಸಿಕೊಂಡು ಕೂತಿದ್ದರು. ಸಾವಳಗಿಯಿಂದ ಬರುವ ಹುಡುಗಿಯೊಬ್ಬಳು ತಲೆಯೆತ್ತಿ, “ಸರ, ಸಿಗ್ನಲ್ ದೂರ ಹೋಗವಲ್ದು. ಏನ್ ಮಾಡೂದ್ರಿ?” ಎಂದಳು. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದವನು ವರಾಂಡದಲ್ಲಿ ಬಹಳ ಹೊತ್ತು ನಿಂತೆ.

ಆರು ವರ್ಷಗಳ ಹಿಂದೆ ಇದೇ ಪ್ರಶ್ನೆ ಕೇಳಿದವಳು ಕಸ್ತೂರಿ.

ಅವಳ ಮಾತಿಗೆ ಮೊದಲು ನನ್ನದನ್ನು ಸ್ವಲ್ಪ ಹೇಳಬೇಕು. ಡಿಪ್ಲೊಮಾ ಮಕ್ಕಳಿಗೆ ರೇಡಿಯೋ ಸಂವಹನ ಕಲಿಸುವುದು ನನ್ನ ನೌಕರಿ. ಹದಿನಾಲ್ಕು ವರ್ಷ ನೋಟ್ಸ್ ಬರೆಸಿಯೇ ಕಲಿಸಿದೆ. ಆ ನೋಟ್ಸ್ ಎಷ್ಟು ಹಳೆಯದೆಂದರೆ, ನಾನು ಎಲ್ಲಿ ಕೆಮ್ಮುತ್ತೇನೆಂಬುದನ್ನೂ ಸೀನಿಯರ್‌ಗಳು ಪುಸ್ತಕದ ಅಂಚಿನಲ್ಲಿ ಗುರುತು ಮಾಡಿಟ್ಟಿದ್ದರಂತೆ. ಆಮೇಲೆ ಒಂದು ವಾರದ ತರಬೇತಿಗೆ ಕಳಿಸಿದರು. ಮಕ್ಕಳು ಪ್ರಾಜೆಕ್ಟ್ ಮಾಡುತ್ತಲೇ ಕಲಿಯಬೇಕು, ಸಮಸ್ಯೆ ಅವರ ಬದುಕಿನದೇ ಆಗಿರಬೇಕು, ಶಿಕ್ಷಕ ಉತ್ತರ ಹೇಳಬಾರದು ಎಂದು ಅಲ್ಲಿ ಹೇಳಿಕೊಟ್ಟರು. ಹೊಸದಾಗಿ ದೀಕ್ಷೆ ಪಡೆದವನ ಹುರುಪಿನಲ್ಲಿ ಜಮಖಂಡಿಗೆ ಮರಳಿದೆ. ಮನೆಯಲ್ಲಿ ಹೆಂಡತಿ, “ಗಾಡಿ ಕೀಲಿ ಎಲ್ಲಿಟ್ಟೀರಿ?” ಎಂದರೆ “ನೀನ ಹುಡುಕು” ಅನ್ನುವಷ್ಟು ಹುರುಪು.

ನೋಟ್ಸ್ ನಿಂತಿತು. ನಿಮ್ಮ ನಿಮ್ಮ ಊರಿನ ತೊಂದರೆಯೊಂದನ್ನು ತನ್ನಿ, ರೇಡಿಯೋದಿಂದ ಅದಕ್ಕೆ ದಾರಿ ಹುಡುಕೋಣ ಎಂದೆ. ಬೀಳಗಿಯವರು ಪಂಪ್‌ಸೆಟ್ಟಿನ ಪ್ರಾಜೆಕ್ಟ್ ತಂದರು. ಕಸ್ತೂರಿ ಬನಹಟ್ಟಿಯವಳು. ಅವಳು ತಂದದ್ದು ಅಪ್ಪನ ಕಿವಿಯನ್ನು.

“ಅಪ್ಪಗ ಕೇಳ್ಸಂಗಿಲ್ರಿ ಸರ. ಮಗ್ಗದ ಸಪ್ಪಳದಾಗ ಕಿವಿ ಹೋಗ್ಯಾವು. ಫೋನ್ ಮಾಡಿದ್ರ ಗೊತ್ತಾಗೂದಿಲ್ಲ. ಊಟಕ್ಕ ಕರಿಯಾಕ ಅವ್ವ ದಿನಾ ಎರಡು ಓಣಿ ದಾಟಿ ಹೋಗ್ತಾಳ್ರಿ. ಮನ್ಯಾಗ ಗುಂಡಿ ಒತ್ತಿದ್ರ ಮಗ್ಗದ ಕಡೆ ದೀಪ ಹತ್ತಬೇಕು.”

ಅವಳ ಅಪ್ಪ ಗುರುಪಾದಪ್ಪನವರ ನಾಲ್ಕು ಪವರ್‌ಲೂಮ್‌ಗಳು ಮನೆಯಿಂದ ಎರಡು ಓಣಿ ಆಚೆ ಇದ್ದವು. ಕಸ್ತೂರಿ ಮತ್ತು ಅವಳ ಗೆಳತಿ ಶಾಹೀನ್ ಸೇರಿ ಗುಂಡಿ, ಪುಟ್ಟ ಟ್ರಾನ್ಸ್‌ಮಿಟರ್, ರಿಸೀವರ್, ಕೆಂಪು ದೀಪ ಎಲ್ಲವನ್ನೂ ಜೋಡಿಸಿದರು. ಪ್ರಯೋಗಾಲಯದಲ್ಲಿ ದೀಪ ಹತ್ತಿತು. ಬನಹಟ್ಟಿಯಲ್ಲಿ ಹತ್ತಲಿಲ್ಲ.

“ನಡುವ ಮನಿಗಳು ಅಡ್ಡ ಬರ್ತಾವ್ರಿ. ಏನ್ ಮಾಡೂದ್ರಿ?”

“ನಾ ಹೇಳೂದಿಲ್ಲವ್ವಾ. ನೀವ ಹುಡುಕ್ರಿ.”

ಎರಡು ವಾರ ಹುಡುಕಿದಳು. ಒಂದು ಶುಕ್ರವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಎತ್ತರ, ಸರ. ಆಂಟೆನಾ ಮನಿಗಳಿಗಿಂತ ಮ್ಯಾಲೆ ಹೋಗಬೇಕು. ಭಾನುವಾರ ಮಾಳಿಗಿ ಮ್ಯಾಲೆ ಪೈಪ್ ನಿಲ್ಲಸ್ತೀವ್ರಿ” ಎಂದಳು. ಶಾಹೀನ್ ಪಕ್ಕದಲ್ಲಿದ್ದಳು. ಉತ್ತರ ಸರಿಯಿತ್ತು. ನನಗಾದ ಹೆಮ್ಮೆ ಹೇಳತೀರದು. ಅದರಲ್ಲಿ ಹೆಚ್ಚಿನ ಪಾಲು ನನ್ನ ಬಗ್ಗೆಯೇ ಇತ್ತು. “ಶಹಬ್ಬಾಸ್. ಏನಾತು ಬರಕೊಂಡು ಬಾ” ಎಂದೆ. ಯಾವ ಪೈಪ್, ಮಾಳಿಗೆಯ ಹತ್ತಿರ ಏನಿದೆ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಕಬ್ಬಿಣದ ಪೈಪ್. ಮಾಳಿಗೆಯ ಅಂಚಿನಿಂದ ಕೈಯಳತೆ ದೂರದಲ್ಲಿ ವಿದ್ಯುತ್ ತಂತಿ. ಭಾನುವಾರ ಮಧ್ಯಾಹ್ನ ಶಾಹೀನ್ ಪೈಪ್ ಬಿಗಿಯಲು ತಂತಿಸುರುಳಿ ತರಲೆಂದು ಕೆಳಗಿಳಿದಿದ್ದಳು. ಕಸ್ತೂರಿ ಒಬ್ಬಳೇ ಪೈಪ್ ಎತ್ತಿ ನಿಲ್ಲಿಸಲು ಹೋದಳು, ಅದು ಲೈನಿನ ಮೇಲೆ ವಾಲಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಗುರುಪಾದಪ್ಪನವರು ಆಗ ಮಗ್ಗದ ಮುಂದಿದ್ದರು. ಯಾರೋ ಓಡಿಹೋಗಿ ಭುಜ ಹಿಡಿದು ಅಲುಗಿಸಿ ಕರೆತಂದರಂತೆ.

ಮಂಗಳವಾರ ಪ್ರಾಚಾರ್ಯರು ಕರೆದರು. “ಮನ್ಯಾಗ ಕಂಬ ನಿಲ್ಲಸಂತ ನೀವೇನರ ಹೇಳಿದ್ರೇನು?”

“ಇಲ್ರಿ ಸರ.”

ಹೌದಲ್ಲ, ನಾನು ಹೇಳಿರಲಿಲ್ಲ. ಅವಳೇ ನನಗೆ ಹೇಳಿದ್ದಳು. ವರದಿಯಲ್ಲಿ ‘ವಿದ್ಯಾರ್ಥಿನಿಯು ಶಿಕ್ಷಕರ ಗಮನಕ್ಕೆ ತಾರದೆ, ಅಜಾಗರೂಕತೆಯಿಂದ’ ಎಂದು ಬರೆದರು. ಸಹಿ ಮಾಡಿದೆ. ವಿಚಾರಣೆಗೆ ಕರೆಸಿದ್ದ ಶಾಹೀನ್ ಅಲ್ಲೇ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಕೋರ್ಸ್ ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ. ಈಗ ಮುಧೋಳದ ಕಡೆ ಕೆಲಸದಲ್ಲಿದ್ದಾಳೆ.

ಆ ವಾರವೇ ಬನಹಟ್ಟಿಗೆ ಹೋದೆ. ಇಲ್ಲಿ ಹೇಳಲಿಕ್ಕೆ ನಾಚಿಕೆಯಾಗುವಂಥದನ್ನು ಮಾಡಿದೆ. ಗುರುಪಾದಪ್ಪನವರ ಪಕ್ಕ ಕಟ್ಟೆಯ ಮೇಲೆ ಕೂತು, ತಲೆ ತಗ್ಗಿಸಿ, “ಆಕಿ ನನಗ ಹೇಳಿದ್ಲು. ನಾ ತಡೀಲಿಲ್ಲ. ತಪ್ಪು ನಂದು” ಎಂದು ಮೆಲ್ಲಗೆ ಹೇಳಿದೆ. ಅವರು ತುಟಿ ನೋಡಿ ಮಾತು ಹಿಡಿಯುವವರೆಂದು ಗೊತ್ತಿತ್ತು. ಅದಕ್ಕೇ ಮುಖ ಎತ್ತಲಿಲ್ಲ. ಸಮಾಧಾನದ ಮಾತೆಂದು ತಿಳಿದು ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಹಗುರಾಗಿ ಬಸ್ ಹತ್ತಿದೆ. ಆ ಹಗುರಿನಲ್ಲೇ ಆರು ವರ್ಷ ಕಳೆದೆ.

ಹೋದ ವಾರ ವರಾಂಡದಲ್ಲಿ ನಿಂತಾಗ ಅದು ಮುಗಿಯಿತು. ನಿನ್ನೆ ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದುಕೊಂಡು ಬನಹಟ್ಟಿಗೆ ಹೋದೆ. ಗುರುಪಾದಪ್ಪನವರು ಊಟ ಮುಗಿಸಿ ಬಾಗಿಲಲ್ಲಿ ಕೂತಿದ್ದರು. ತಲೆ ಪೂರ್ತಿ ನೆರೆತಿತ್ತು. ಹಾಳೆಯನ್ನು ಕೈಗೆ ಕೊಟ್ಟೆ.

ಅವರು ಚಷ್ಮಾ ಹಾಕಿಕೊಂಡು ಓದತೊಡಗಿದರು. ಮಗ್ಗದ ಗದ್ದಲದಲ್ಲಿ ಬದುಕಿದವರು ಮೆಲ್ಲಗೆ ಓದುವುದನ್ನು ಮರೆತಿರುತ್ತಾರೆ. ಒಂದೊಂದೇ ಪದ, ದೊಡ್ಡ ದನಿಯಲ್ಲಿ. ಒಳಗಿನಿಂದ ಕಸ್ತೂರಿಯ ತಾಯಿ ಬಂದು ನಿಂತರು. ಎದುರು ಮನೆಯಲ್ಲಿ ಮಗ್ಗದ ಕಂಡಿಕಿಗೆ, ಆ ಪುಟ್ಟ ಕೊಳವೆಗಳಿಗೆ, ನೂಲು ಸುತ್ತುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ‘ಆಕೆ ನನಗೆ ಮೊದಲೇ ಹೇಳಿದ್ದಳು’ ಎಂಬಲ್ಲಿಗೆ ಬಂದಾಗ ಗುರುಪಾದಪ್ಪನವರು ತಡೆದು, ಆ ಸಾಲನ್ನು ಇನ್ನೊಮ್ಮೆ ಓದಿದರು. ಓಣಿ ಪೂರ್ತಿ ಕೇಳಿತು. ಎದ್ದು ಹೋಗಬೇಕೆನಿಸಿತು, ಕೂತೆ.

“ಹಂಗಾರ ನಮ್ಮ ಹುಡುಗಿ ಮಾಡಿದ್ದು ತಪ್ಪಲ್ಲೇನ್ರಿ?” ಎಂದು ತಾಯಿ ಕೇಳಿದರು. “ಮಂದಿ ಎಲ್ಲಾ ತಿಳಿಗೇಡಿ ಅಂದ್ರು. ನಾವೂ ಹಂಗ ತಿಳಕೊಂಡ್ವಿ.”

“ಆಕಿ ಉತ್ತರ ಸರಿ ಇತ್ರಿ. ಲೈನ್ ನೋಡ್ಕೊ ಅಂತ ಹೇಳೂದು ನನ್ನ ಕೆಲಸ ಆಗಿತ್ತು.”

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಗುರುಪಾದಪ್ಪನವರು ಈ ಸಲ ನನ್ನ ಬೆನ್ನು ಮುಟ್ಟಲಿಲ್ಲ. ಹಾಳೆ ಮಡಚಿ ಅಂಗಿಯ ಕಿಸೆಗಿಟ್ಟುಕೊಂಡು, “ಕಾಲೇಜಿನ ಕಾಗದದಾಗ ಬರಸ್ರಿ” ಎಂದರು. “ನಾ ಓದಬೇಕು.”

ಇವತ್ತು ಬೆಳಿಗ್ಗೆ ವರದಿ ತಿದ್ದಬೇಕೆಂದು ಬರೆದು ಕೊಟ್ಟೆ. ಪ್ರಾಚಾರ್ಯರು ಎರಡು ಸಲ ಓದಿದರು. “ನಿಮ್ಮ ನೌಕರಿಗೆ ಬರ್ತೈತ್ರಿ ಇದು. ಆರು ವರ್ಷ ಆತು. ಈಗ್ಯಾಕ?”

“ಆಕಿ ಅಪ್ಪ ಓದಬೇಕಂತಾರ್ರಿ” ಎಂದೆ.