ಬೀಗದಣ್ಣನಿಗೆ ಕೈಕೊಟ್ಟ ರಕ್ತ

ಬೀಗ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಎಂಥ ಮೊಂಡು ಬೀಗವಾದರೂ ತಂತಿ ತೂರಿಸಿ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲೇ ಅದರ ಒಳಗನ್ನು ತಿಳಿದುಕೊಳ್ಳುತ್ತಿದ್ದ. "ನೀನು ಕಳ್ಳ ಆಗ್ಲಿಲ್ವಲ್ಲ, ಅದು ನಮ್ಮ ಪುಣ್ಯ ಕಣಯ್ಯಾ," ಎಂದು ಪಕ್ಕದ ಅಂಗಡಿಯ ದರ್ಜಿ ಕಿಚಾಯಿಸುತ್ತಿದ್ದ. ಆಳು ಗಟ್ಟಿಮುಟ್ಟು. ಯಾರಿಗಾದರೂ ರಕ್ತ ಬೇಕೆಂದು ಸುದ್ದಿ ಬಂದರೆ ಕೈಯಲ್ಲಿದ್ದ ಅರ ಕೆಳಗಿಟ್ಟು ಮೊದಲು ಓಡುತ್ತಿದ್ದವನೂ ಅವನೇ.

ಒಂದು ದಿನ ತುಕ್ಕು ಹಿಡಿದ ಬೀಗ ಬಿಚ್ಚುವಾಗ ಸ್ಪ್ರಿಂಗು ಸಿಡಿದು ಅಂಗೈಗೆ ಚುಚ್ಚಿತು. ಕೈ ಒರೆಸಿಕೊಂಡು ಕೆಲಸ ಮುಂದುವರಿಸಿದ. ಗಾಯ ಕೀವಾಯಿತು. ಆಸ್ಪತ್ರೆಗೆ ಹೋಗೋಣವೆಂದ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಜ್ವರ ನೆತ್ತಿಗೇರಿ, ಮಾತು ತೊದಲಿ, ಅಂಗಡಿಯಲ್ಲೇ ಕುಸಿದುಬಿದ್ದ.

ಸೋಂಕು ರಕ್ತಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಔಷಧಿ ನಾಟಿತು, ಜ್ವರ ಬಿಟ್ಟಿತು. ಕಣ್ಣು ತೆರೆದು ನೋಡಿದರೆ ಎರಡೂ ಕೈಯ ಬೆರಳ ತುದಿಗಳು ಇದ್ದಿಲಿನಂತೆ ಕಪ್ಪಗಾಗಿದ್ದವು.

"ರೋಗಾಣು ಸತ್ತುಹೋಯ್ತು ಅಂದ್ರಲ್ಲ ಡಾಕ್ಟ್ರೇ. ಮತ್ತೆ ಇದನ್ನ ಮಾಡಿದ್ಯಾರು?"

ಡಾಕ್ಟರಮ್ಮ ಮಂಚದ ಪಕ್ಕ ಕೂತರು. "ನಿಮ್ಮ ರಕ್ತದ ಕಣಗಳೇ. ಸೋಂಕಿನ ಜೊತೆ ಹೊಡೆದಾಡೋವಾಗ ಅವುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಉದುರ್ತವೆ. ನಿಮಗೆ ಅದು ವಿಪರೀತ ಆಯ್ತು. ಆ ಚೂರುಗಳು ರಕ್ತನಾಳದ ಒಳಪದರಾನೇ ಹಾಳು ಮಾಡಿದ್ವು. ನಾಳ ಸೋರ್ತು, ಒಳಗೆ ರಕ್ತ ಹೆಪ್ಪುಗಟ್ತು, ಬೆರಳ ತುದೀವರೆಗೆ ಹರೀಲೇ ಇಲ್ಲ."

ಅವರು ಹೋದ ಮೇಲೆ ಅವನು ಪಕ್ಕದಲ್ಲಿದ್ದ ಹೆಂಡತಿಗೆ ಬೆನ್ನು ಮಾಡಿ ಗೋಡೆ ಕಡೆ ಹೊರಳಿದ. "ಸ್ಪ್ರಿಂಗು ಚುಚ್ಚಿದ್ದು ಬಿಡು, ಅದು ಬರೀ ಕಬ್ಬಿಣ. ಯಾರ್ಯಾರಿಗೋ ಜೀವ ಕೊಟ್ಟ ರಕ್ತ ಕಣೇ ಇದು. ನಂಬಿಸಿ ನನ್ನ ಕತ್ತೇ ಕೊಯ್ತಲ್ಲ!"

"ನಿಮ್ಮನ್ನ ಉಳಿಸೋಕೆ ಹೋಗಿ ತಾನೇ ಆ ಕಣಗಳು ಚೂರಾಗಿದ್ದು," ಎಂದಳು ಹೆಂಡತಿ ಮೆಲ್ಲಗೆ.

"ನೀನು ಅವುಗಳ ಪರ ವಹಿಸ್ಬೇಡ."

ಅವಳು ಅವನ ಹೊದಿಕೆ ಸರಿಪಡಿಸಿದಳು.

ನಾಲ್ಕು ಬೆರಳ ತುದಿ ಕತ್ತರಿಸಬೇಕಾಯಿತು. ಉಳಿದವು ಚೇತರಿಸಿಕೊಂಡರೂ ಮರಗಟ್ಟಿದವು. ತಂತಿ ಹಿಡಿದರೆ ಬೀಗದ ಒಳಗು ತಿಳಿಯುತ್ತಿರಲಿಲ್ಲ. ಈಗ ಹೆಂಡತಿ ಅರ ಹಿಡಿದು ಬೀಗದ ಕೈ ಉಜ್ಜುತ್ತಾಳೆ, ಅವನು ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಾನೆ. ಎಷ್ಟೋ ಸಲ ರೇಗುತ್ತಾನೆ. ಅವಳು ಮತ್ತೆ ಮೊದಲಿಂದ ಉಜ್ಜುತ್ತಾಳೆ.

ಮೊನ್ನೆ ಬೆಳಿಗ್ಗೆ ಗಡ್ಡ ಹೆರೆಯುವಾಗ ಬ್ಲೇಡು ಜಾರಿ ಕೆನ್ನೆಯಲ್ಲಿ ರಕ್ತ ಜಿನುಗಿತು. ಮನೆಗೆ ನುಗ್ಗಿದ ಪರಿಚಯವಿಲ್ಲದವನನ್ನು ನೋಡುವಂತೆ ಅದನ್ನೇ ಕನ್ನಡಿಯಲ್ಲಿ ದಿಟ್ಟಿಸುತ್ತ ನಿಂತ. ಹೆಂಡತಿ ಬಟ್ಟೆ ಹಿಡಿದು ಓಡಿಬಂದಳು.

"ಹರಿದು ಹೋಗ್ಲಿ ಬಿಡು ಅದು," ಎಂದ.

ಅವಳು ಬಿಡಲಿಲ್ಲ. ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು.